ಹಾಸಿಗೆಗೆ ಗಾಳಿ ತುಂಬುವವರು ಯಾರು?

ಹೋಳಿ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ರಸ್ತೆಗಳ ಮೇಲೆ ಶ್ರೀಶೈಲಕ್ಕೆ ಹೊರಟವರ ಸಾಲು ಕಾಣತೊಡಗುತ್ತದೆ. ಯುಗಾದಿಗೆ ಅಲ್ಲಿಯ ದೇವರು ಮಲ್ಲಯ್ಯನ ಮುಂದೆ ನಿಲ್ಲಬೇಕೆಂಬ ಹಂಬಲ ಅವರದು. ಮೊದಲು ರೋಣ ತಾಲ್ಲೂಕಿನಲ್ಲಿದ್ದು ಈಗ ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿಗೆ ಸೇರಿರುವ ರಾಜೂರಿನಿಂದ ಲೆಕ್ಕ ಹಾಕಿದರೆ, ನಕಾಶೆಯ ಮೇಲೆ ನೇರ ಗೆರೆ ಎಳೆದರೂ ಶ್ರೀಶೈಲ ಮುನ್ನೂರು ಕಿಲೋಮೀಟರ್ ದಾಟುತ್ತದೆ. ನಡೆಯುವ ದಾರಿ ಅದಕ್ಕಿಂತ ಉದ್ದ. ಈ ನಡಿಗೆಯ ಬಗ್ಗೆ ಮಾತು ಬಂದಾಗ ಚಪ್ಪಲಿ, ಬೊಬ್ಬೆ, ಬಿಸಿಲು, ದಾರಿಯ ದಾಸೋಹ ಎಲ್ಲವೂ ಬರುತ್ತವೆ. ರಾತ್ರಿ ಮಲಗುವುದರ ಮಾತು ಬರುವುದೇ ಕಡಿಮೆ. ಮರುದಿನ ಕಾಲು ಏಳುವುದೋ ಇಲ್ಲವೋ ಎನ್ನುವುದು ಬಹುಪಾಲು ಆ ಐದಾರು ತಾಸಿನ ನಿದ್ದೆಯ ಮೇಲೆಯೇ ನಿಂತಿರುತ್ತದೆ.

ನಮ್ಮ ಕಡೆ ದಾರಿಯ ಹಾಸಿಗೆಗೆ ಕೊರತೆ ಇರಲಿಲ್ಲ. ಕುರಿಯುಣ್ಣೆಯ ಕಂಬಳಿ, ಹಳೆಯ ಸೀರೆ-ಧೋತರ ಸೇರಿಸಿ ಹೊಲಿದ ಕೌದಿ, ನರಗುಂದದಾಚೆಯ ನವಲಗುಂದದ ಜಮಖಾನ, ಏನೂ ಇಲ್ಲದಿದ್ದರೆ ಗೋಣಿತಾಟು. ಇವು ಒಂದೊಂದೂ ಒಳ್ಳೆಯವೇ. ತೊಂದರೆ ಎರಡು ಕಡೆ. ಕಂಬಳಿ ಒಂದೂವರೆ ಎರಡು ಕಿಲೋ ತೂಗುತ್ತದೆ, ಕೌದಿ ಅದಕ್ಕೂ ಭಾರ. ಟ್ರ್ಯಾಕ್ಟರೋ ಟಂಟಮ್ಮೋ ಸಾಮಾನು ಹೊತ್ತು ಹಿಂದೆ ಬರುವಷ್ಟು ದಿನ ಈ ಭಾರ ಯಾರಿಗೂ ತಿಳಿಯುವುದಿಲ್ಲ. ದಾರಿಯ ಕೊನೆಗೆ ವೆಂಕಟಾಪುರದ ಮುಂದೆ ನಲ್ಲಮಲೆ ಕಾಡು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ಏರಿಳಿಯುವಾಗ ಮಾತ್ರ ಗಾಡಿ ಬರುವುದಿಲ್ಲ, ಹೊರೆಯೆಲ್ಲ ಬೆನ್ನಿಗೇ ಬೀಳುತ್ತದೆ. ಎರಡನೆಯ ತೊಂದರೆ ದೇಹದ್ದು. ಕಂಬಳಿ ಚಳಿ ತಡೆಯುತ್ತದೆ, ಕಲ್ಲನ್ನು ತಡೆಯುವುದಿಲ್ಲ. ಮಗ್ಗುಲಾಗಿ ಮಲಗುವವರ ಭುಜ ಮತ್ತು ಸೊಂಟದ ಮೂಳೆ ಮಧ್ಯರಾತ್ರಿಯ ಹೊತ್ತಿಗೆ ಅದನ್ನು ಹೇಳಿಬಿಡುತ್ತವೆ.

ಗಾಳಿ ತುಂಬುವ ಸ್ಲೀಪಿಂಗ್ ಪ್ಯಾಡು ಈ ಜಾಗಕ್ಕೆ ಬಂದಿದೆ. ಬಾದಾಮಿಯ ಮರಳುಗಲ್ಲಿನ ಬಂಡೆ ಹತ್ತಲು ಬರುವವರ ಚೀಲದಲ್ಲಿ, ಹಿಮಾಲಯಕ್ಕೆ ಹೋಗಿಬಂದ ಹುಡುಗರ ಅಟ್ಟದ ಮೇಲೆ, ಆನ್‌ಲೈನ್ ಅಂಗಡಿಯಿಂದ ಬಂದ ಪೊಟ್ಟಣದಲ್ಲಿ ಅದನ್ನು ಕಾಣಬಹುದು. ಸುತ್ತಿಟ್ಟರೆ ನೀರಿನ ಬಾಟಲಿಯಷ್ಟು ಗಾತ್ರ, ತೂಕ ಅರ್ಧ ಕಿಲೋದ ಆಸುಪಾಸು. ಬಿಚ್ಚಿದರೆ ಆರಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಮೂರು ಇಂಚು ದಪ್ಪದ ಹಾಸಿಗೆ. ಪ್ರಶ್ನೆ ಹುಟ್ಟುವುದು ಬಿಚ್ಚಿದ ಮೇಲೆ. ಅದರೊಳಗೆ ಗಾಳಿ ಹೋಗಬೇಕು, ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆದು ಬಂದವರೇ ತುಂಬಬೇಕು.

ಎಷ್ಟು ಗಾಳಿ ಎನ್ನುವುದನ್ನು ಮೊದಲು ನೋಡೋಣ, ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. 183 ಸೆಂ.ಮೀ. ಉದ್ದ, 51 ಸೆಂ.ಮೀ. ಅಗಲ, 7.6 ಸೆಂ.ಮೀ. ದಪ್ಪದ ಪ್ಯಾಡನ್ನು ಆಯತದ ಪೆಟ್ಟಿಗೆಯಂತೆ ಗುಣಿಸಿದರೆ ಸುಮಾರು 71 ಲೀಟರ್ ಆಗುತ್ತದೆ. ಒಳಗಿನ ಗೋಡೆಗಳು, ಉಬ್ಬುತಗ್ಗು ಕಳೆದರೆ ಅಂದಾಜು 55ರಿಂದ 60 ಲೀಟರ್. ಆರೋಗ್ಯವಂತರು ದೀರ್ಘವಾಗಿ ಎಳೆದು ಊದಿದರೆ ಒಂದು ಉಸಿರಿಗೆ ಸುಮಾರು ಮೂರು ಲೀಟರ್ ಹೋಗುತ್ತದೆ. ಹಾಗಾದರೆ ಇಪ್ಪತ್ತು ದೊಡ್ಡ ಉಸಿರು. ಕೇಳಲು ಏನೂ ಅಲ್ಲ. ಆದರೆ ಹೀಗೆ ಬಿಡುವಿಲ್ಲದೆ ಆಳವಾಗಿ ಊದುತ್ತ ಹೋದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮುಜುಮು ಎನ್ನುತ್ತವೆ. ಇಪ್ಪತ್ತೈದರ ಹುಡುಗ ಒಂದು ನಿಮಿಷ ಕೂತು ಸುಧಾರಿಸಿಕೊಳ್ಳುತ್ತಾನೆ. ಅರವತ್ತು ದಾಟಿದ ಹಿರಿಯರಿಗೆ, ದಮ್ಮು ಇರುವವರಿಗೆ ಇದು ಆಟವಲ್ಲ.

ಬಾಯಿಯಿಂದ ಊದುವುದರ ಮೇಲೆ ಇನ್ನೊಂದು ಆರೋಪವಿದೆ: ಉಸಿರಿನ ತೇವ ಒಳಗೆ ಹೋಗಿ ಬೂಷ್ಟು ಹಿಡಿಯುತ್ತದೆ ಎಂಬುದು. ಇದು ನಿಜ, ಆದರೆ ಪಂಪು ಮಾರುವವರು ಹೇಳುವಷ್ಟು ನಿಜವಲ್ಲ. ನಮ್ಮ ಉಸಿರು ಸುಮಾರು 34 ಡಿಗ್ರಿ ಬಿಸಿಯಿದ್ದು ತೇವದಿಂದ ತುಂಬಿರುತ್ತದೆ. ಅಂಥ 60 ಲೀಟರ್ ಗಾಳಿಯಲ್ಲಿ ಎರಡು ಗ್ರಾಮಿನಷ್ಟು ನೀರು, ಅಂದರೆ ಅರ್ಧ ಚಮಚಕ್ಕಿಂತ ಕಡಿಮೆ. ಬೆಳಿಗ್ಗೆ ಗಾಳಿ ಬಿಟ್ಟಾಗ ಅದರಲ್ಲಿ ಒಂದು ಪಾಲು ಹೊರಗೇ ಹೋಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ದಿನವೂ ಊದಿ, ಒದ್ದೆಯಾಗಿಯೇ ಸುತ್ತಿ, ಮನೆಗೆ ಬಂದು ಹಾಗೆಯೇ ಕಪಾಟಿಗೆ ಸೇರಿಸಿದರೆ ಬೂಷ್ಟು ಬರುವುದು ಖಂಡಿತ. ಮಾರ್ಚ್ ತಿಂಗಳ ಒಣಹವೆಯಲ್ಲಿ ಎರಡು ವಾರ ನಡೆದು ಬಂದು, ವಾಲ್ವು ಬಿಚ್ಚಿ ನೆರಳಿನಲ್ಲಿ ಒಂದೆರಡು ದಿನ ಹರವಿಟ್ಟರೆ ರೋಣ ಕಡೆಯ ಬೇಸಿಗೆಯೇ ಉಳಿದ ಕೆಲಸ ಮಾಡುತ್ತದೆ. ತೇವದ ಭಯವೊಂದಕ್ಕೇ ಪಂಪಿಗೆ ಖರ್ಚು ಮಾಡಬೇಕಾಗಿಲ್ಲ.

ಪಂಪುಗಳ ಮಾತಿಗೆ ಬರುವ ಮೊದಲು ಪಂಪೇ ಬೇಡದ ಹಾಸಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊದುವ ಕಷ್ಟವಿಲ್ಲದ ಹಾಸಿಗೆ ಹುಟ್ಟಿ ದಶಕಗಳೇ ಆದವು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯ ಕೆಲಸ ಕಳೆದುಕೊಂಡಿದ್ದ ಇಬ್ಬರು ಎಂಜಿನಿಯರುಗಳು, ಜಿಮ್ ಲೀ ಮತ್ತು ನೀಲ್ ಆಂಡರ್ಸನ್, ಸ್ಪಂಜಿನಂಥ ಫೋಮನ್ನು ಗಾಳಿಯಾಡದ ಬಟ್ಟೆಯೊಳಗೆ ಅಂಟಿಸಿ ವಾಲ್ವು ಇಟ್ಟರು. ವಾಲ್ವು ಬಿಚ್ಚಿದರೆ ಫೋಮು ತಾನೇ ಅರಳಿ ಗಾಳಿ ಎಳೆದುಕೊಳ್ಳುತ್ತದೆ. ಥರ್ಮ್-ಎ-ರೆಸ್ಟ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಈ ಬಗೆಯ ಪ್ಯಾಡಿಗೆ ಕೊನೆಯಲ್ಲಿ ಎರಡು ಉಸಿರು ಸಾಕು. ಆದರೆ ತೂಕ ಹೆಚ್ಚು, ಸುತ್ತಿದರೂ ದಪ್ಪ. ಇನ್ನೊಂದು, ಮಡಚುವ ಗಟ್ಟಿ ಫೋಮಿನ ಚಾಪೆ. ಅದರಲ್ಲಿ ಹೆಸರುವಾಸಿಯಾದ ಝೀ-ಲೈಟ್ ಸೋಲ್ 410 ಗ್ರಾಂ ಇದೆ. ಯೋಗದ ಚಾಪೆಯ ಅಣ್ಣನಂಥ ಅಗ್ಗದ ಫೋಮುಗಳೂ ಸಿಗುತ್ತವೆ. ಚುಚ್ಚಿದರೂ ಏನಾಗುವುದಿಲ್ಲ, ನಡುದಾರಿಯಲ್ಲಿ ಹಾಸಿ ಕೂರಬಹುದು, ಮೇಲೆ ಬಿಸಿ ಪಾತ್ರೆಯೊಂದನ್ನು ಬಿಟ್ಟು ಏನು ಇಟ್ಟರೂ ಸರಿ. ಮೂಳೆಗೆ ಮಾತ್ರ ಅಷ್ಟು ಮೆತ್ತಗಲ್ಲ.

ಚುಚ್ಚುವ ಮಾತು ಸುಮ್ಮನೆ ಬಂದದ್ದಲ್ಲ. ಪ್ಯಾಡುಗಳ ಕುರಿತ ಬರಹವೆಲ್ಲ ಪೈನ್ ಮರದ ಕಾಡು, ಹುಲ್ಲುಗಾವಲನ್ನು ಕಣ್ಣ ಮುಂದಿಟ್ಟುಕೊಂಡೇ ಹುಟ್ಟುತ್ತದೆ. ರಾಜೂರು, ದಿಂಡೂರು, ಲಕ್ಕಲಕಟ್ಟಿ, ಸೂಡಿಯ ನೆಲ ಬೇರೆ. ಎರೆಹೊಲದ ಬದುವಿನಲ್ಲಿ ನೆಗ್ಗಿಲು ಮುಳ್ಳು, ಹಳ್ಳದ ದಂಡೆಗೆ ಬಳ್ಳಾರಿ ಜಾಲಿ, ಗುಡ್ಡದ ಮೇಲೆ ಒಡೆದ ಕಲ್ಲಿನ ಚೂರು. ಟ್ರ್ಯಾಕ್ಟರಿನ ಟೈರಿಗೇ ನಾಟುವ ಜಾಲಿಮುಳ್ಳು ಕಾಗದದಷ್ಟು ತೆಳ್ಳಗಿನ ನೈಲಾನನ್ನು ಬಿಡುತ್ತದೆಯೇ? ಗಾಳಿ ಹಾಸಿಗೆ ತೆಗೆದುಕೊಂಡವರು ಕೆಳಗೆ ತಾಡಪತ್ರಿಯ ತುಂಡೋ ತೆಳು ಫೋಮೋ ಹಾಸಲೇಬೇಕು. ಊರಿನ ಪಂಕ್ಚರ್ ಅಂಗಡಿಯ ಸಲ್ಯೂಷನ್ ಟ್ಯೂಬಿನ ರಬ್ಬರಿಗೆ ಮಾಡಿದ್ದು, ಪ್ಯಾಡಿನ ಟಿಪಿಯು ಎಂಬ ಪ್ಲಾಸ್ಟಿಕ್ ಲೇಪಕ್ಕೆ ಅದು ನೆಚ್ಚಿಕೆಯಿಂದ ಹಿಡಿಯುವುದಿಲ್ಲ. ಪ್ಯಾಡಿನ ಜೊತೆ ಬರುವ ತೇಪೆಯ ಚೂರನ್ನು ಕಳೆಯದೆ ಇಟ್ಟುಕೊಳ್ಳಬೇಕು. ಎಷ್ಟು ಒಳ್ಳೆಯ ಪಂಪು ಕೊಂಡರೂ ತೂತಾದ ಹಾಸಿಗೆಗೆ ಅದು ಏನೂ ಮಾಡಲಾರದು.

ಇಷ್ಟಾದ ಮೇಲೂ ಗಾಳಿ ಹಾಸಿಗೆಯೇ ಬೇಕು ಎನ್ನುವವರ ಮುಂದೆ ಈಗ ನಾಲ್ಕು ದಾರಿಗಳಿವೆ. ಒಂದನ್ನು ಹೇಳಿದ್ದಾಯಿತು, ಬಾಯಿ. ಎರಡನೆಯದು ಪ್ಯಾಡಿನೊಳಗೇ ಹುದುಗಿಸಿದ ಕಾಲ್ಪಂಪು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಅಗ್ಗದ ಪ್ಯಾಡುಗಳೆಲ್ಲ ಹೆಚ್ಚಾಗಿ ಈ ಜಾತಿಯವೇ. ಒಂದು ಮೂಲೆಯಲ್ಲಿ ಸ್ಪಂಜಿನ ದಿಂಬಿನಂಥ ಉಬ್ಬು, ಅದರ ಬಾಯಿ ಬಿಚ್ಚಿ ಹಿಮ್ಮಡಿಯಿಂದ ಒತ್ತುತ್ತ ಹೋದರೆ ಕಮ್ಮಾರನ ತಿದಿಯ ಹಾಗೆ ಗಾಳಿ ಒಳಗೆ ನುಗ್ಗುತ್ತದೆ. ಪ್ರತಿ ಒತ್ತಿಗೆ ಹೋಗುವುದು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್, ಆದ್ದರಿಂದ ನೂರರ ಹತ್ತಿರ ಒತ್ತಬೇಕು. ಬೊಬ್ಬೆ ಎದ್ದ ಕಾಲಿಗೆ ಇದು ಎರಡನೆಯ ನಡಿಗೆ. ಅಂಗೈಯಿಂದ ಒತ್ತುವುದು ಜಾಣತನ. ಬೇರೆ ಸಾಮಾನು ಹೊರಬೇಕಿಲ್ಲ, ಬ್ಯಾಟರಿ ಇಲ್ಲ, ಮರೆತು ಬರುವ ಭಯವಿಲ್ಲ ಎಂಬ ಮೂರು ಗುಣ ಇದಕ್ಕಿವೆ. ಆದರೆ ಆ ಸ್ಪಂಜಿನ ತೂಕ ಪ್ಯಾಡಿಗೇ ಸೇರಿರುತ್ತದೆ, ಬೇಡವೆಂದರೂ ತೆಗೆದಿಡುವಂತಿಲ್ಲ. ಸ್ಪಂಜು ನೀರು ಕುಡಿದರೆ ಒಣಗಿಸುವುದೂ ಕಷ್ಟ.

ಮೂರನೆಯದು ಪಂಪು ಚೀಲ. ನನ್ನ ಒಲವು ಇದರ ಕಡೆಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಎಕ್ಸ್‌ಪೆಡ್ ಕಂಪನಿ ಶ್ನಾಝೆಲ್ ಎಂದು ಕರೆದದ್ದು ಇದನ್ನೇ, ನೀಮೋ, ಸೀ ಟು ಸಮಿಟ್ ಕಂಪನಿಗಳೂ ತಮ್ಮ ತಮ್ಮ ಹೆಸರಿನಲ್ಲಿ ಮಾರುತ್ತವೆ. ತೆಳು ನೈಲಾನಿನ ಉದ್ದ ಚೀಲ, ತಳದಲ್ಲಿ ವಾಲ್ವಿಗೆ ಕೂರುವ ಒಂದು ಮೂತಿ. ತೂಕ ಬಹುಮಟ್ಟಿಗೆ ನಲವತ್ತರಿಂದ ಎಪ್ಪತ್ತು ಗ್ರಾಂ. ಚೀಲದ ಬಾಯಿ ಅಗಲಿಸಿ ಹಿಡಿದು, ಒಂದಡಿ ದೂರದಿಂದ ಒಂದೇ ಒಂದು ಸಲ ಊದಬೇಕು. ತುಟಿ ಹಚ್ಚಿ ಊದಬಾರದು, ಗುಟ್ಟು ಇರುವುದೇ ಅಲ್ಲಿ. ದೂರದಿಂದ ಹೊರಟ ಉಸಿರಿನ ಧಾರೆ ತನ್ನ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಚೀಲದೊಳಗೆ ಹೋಗುತ್ತದೆ, ಮೂರು ಲೀಟರ್ ಉಸಿರಿಗೆ ಚೀಲವೇ ಉಬ್ಬಿ ನಿಲ್ಲುತ್ತದೆ. ಬಾಯಿ ಸುತ್ತಿ ಮುಚ್ಚಿ, ಮೇಲಿಂದ ಒತ್ತಿದರೆ ಅಷ್ಟೂ ಪ್ಯಾಡಿಗೆ. ಚೀಲದ ಗಾತ್ರ ನೋಡಿಕೊಂಡು ಎರಡರಿಂದ ನಾಲ್ಕು ಸಲ ಹೀಗೆ ಮಾಡಿದರೆ ಕೆಲಸ ಮುಗಿಯಿತು. ಉಸಿರಿನ ತೇವ ಹೊರಗಾಳಿಯಲ್ಲಿ ಬೆರೆತು ತೆಳುವಾಗುವುದರಿಂದ ಬೂಷ್ಟಿನ ಭಯವೂ ಹೋಯಿತು.

ಗಜೇಂದ್ರಗಡದ ಕಡೆಯವರಿಗೆ ಇದರಲ್ಲೊಂದು ಹೆಚ್ಚಿನ ಅನುಕೂಲವಿದೆ. ಕೋಟೆಯ ಗುಡ್ಡ, ಕಾಲಕಾಲೇಶ್ವರದ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಂದಕ್ಕಲ್ಲ. ಅಂಥ ಗಾಳಿಗೆ ಚೀಲದ ಬಾಯಿ ಒಡ್ಡಿ ಹಿಡಿದರೆ ಊದುವ ಕೆಲಸವೂ ಇಲ್ಲ. ಹಗಲಿನಲ್ಲಿ ಇದೇ ಚೀಲದೊಳಗೆ ಬಟ್ಟೆಬರೆ ತುಂಬಿ ಬೆನ್ನಚೀಲಕ್ಕೆ ಇಳಿಸಬಹುದು, ಮಳೆ ಬಂದರೆ ಒಳಗಿನದು ಒಣಗೇ ಇರುತ್ತದೆ. ಹೀಗೆ ಎರಡು ಕೆಲಸಕ್ಕೆ ಬರುವುದರಿಂದ ಅದರ ತೂಕವನ್ನು ಪಂಪಿನ ಲೆಕ್ಕಕ್ಕೆ ಪೂರ್ತಿ ಹಿಡಿಯಬೇಕಾಗಿಲ್ಲ.

ಕೊಳ್ಳಲು ಮನಸ್ಸಿಲ್ಲದವರು ಮನೆಯಲ್ಲೇ ಮಾಡಿಕೊಳ್ಳಬಹುದು. ದೊಡ್ಡದೊಂದು ಹೊಸ ಪಾಲಿಥೀನ್ ಚೀಲ, ಅದರ ಮೂಲೆಗೆ ಸಣ್ಣ ತೂತು, ತೂತಿಗೆ ಸೈಕಲ್ ಟ್ಯೂಬಿನ ನಾಲ್ಕು ಬೆರಳಿನ ತುಂಡು ಸಿಕ್ಕಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿದರೆ, ಟ್ಯೂಬಿನ ಇನ್ನೊಂದು ತುದಿ ವಾಲ್ವಿನ ಮೇಲೆ ಕೂರುತ್ತದೆ. ಚೆಂದ ಕಾಣದಿದ್ದರೂ ಕೆಲಸ ಮಾಡುತ್ತದೆ. ಗೊಬ್ಬರದ ಚೀಲದ ಒಳಪದರು ಮಾತ್ರ ಬೇಡ, ಅದರಲ್ಲಿ ಉಳಿದ ಯೂರಿಯಾ ಪುಡಿ ಹಾಸಿಗೆಯೊಳಗೆ ಹೋಗಿ ಕೂರುತ್ತದೆ.

ನಾಲ್ಕನೆಯದು, ಜನ ಹೆಚ್ಚು ಕೇಳುವುದೂ ಇದನ್ನೇ, ಬ್ಯಾಟರಿಯ ಪುಟ್ಟ ಪಂಪು. ಮೊದಲು ಇದು ಬೆನ್ನಚೀಲದವರಲ್ಲಿ ಅಪರೂಪದ ಸಾಮಾನಾಗಿತ್ತು. ಕಾರಿನಲ್ಲಿ ಹೋಗಿ ದೊಡ್ಡ ಗಾಳಿಮಂಚ ಉಬ್ಬಿಸುವವರ ಹತ್ತಿರ ಅರ್ಧ ಕಿಲೋ ತೂಗುವ ಯಂತ್ರಗಳಿದ್ದವು. ಚೀನಾದ ಫ್ಲೆಕ್ಸ್‌ಟೇಲ್ ಕಂಪನಿಯ ಚಿಕ್ಕ ಪಂಪುಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಅದರ ಟೈನಿ ಪಂಪ್ ಎಂಬತ್ತು ಗ್ರಾಮಿನ ಆಸುಪಾಸಿನದು, ಒಳಗೇ ಚಾರ್ಜ್ ಮಾಡುವ ಬ್ಯಾಟರಿ. ಝೀರೋ ಪಂಪ್ ಎಂಬುದು ಬ್ಯಾಟರಿ ಬಿಟ್ಟು ಬರೀ 34 ಗ್ರಾಂ. ಅವನ್ನು ನೋಡಿ ಬಂದ ಅನಾಮಿಕ ಪಂಪುಗಳು ಅಗ್ಗಕ್ಕೆ ಸಿಗುತ್ತವೆ, ಹೆಸರಾಂತವು ದುಬಾರಿ.

ಇವುಗಳ ಡಬ್ಬಿಯ ಮೇಲೆ ಬರೆದಿರುವ ಅಂಕಿಗಳನ್ನು ಓದುವುದು ಹೇಗೆ? ಎರಡು ಅಂಕಿ ಮುಖ್ಯ. ಒಂದು, ನಿಮಿಷಕ್ಕೆ ಎಷ್ಟು ಲೀಟರ್. ಇನ್ನೊಂದು, ಎಷ್ಟು ಕಿಲೋಪ್ಯಾಸ್ಕಲ್ ಒತ್ತಡ. ಮೊದಲನೆಯದು ದೊಡ್ಡ ಅಕ್ಷರದಲ್ಲಿರುತ್ತದೆ. ನಿಮಿಷಕ್ಕೆ 180 ಲೀಟರ್ ಎಂದು ಓದಿದವರು ಅರವತ್ತು ಲೀಟರಿನ ಪ್ಯಾಡು ಇಪ್ಪತ್ತು ಸೆಕೆಂಡಿನಲ್ಲಿ ತುಂಬುತ್ತದೆ ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಪಂಪಿನೊಳಗೆ ಇರುವುದು ವೇಗವಾಗಿ ತಿರುಗುವ ಸಣ್ಣ ಫ್ಯಾನು. ಎದುರಿಗೆ ಅಡ್ಡಿಯಿಲ್ಲದಾಗ ಅದು ಎಷ್ಟು ಗಾಳಿ ತಳ್ಳುತ್ತದೆ ಎನ್ನುವುದೇ ಡಬ್ಬಿಯ ಮೇಲಿನ ಅಂಕಿ. ಪ್ಯಾಡು ತುಂಬುತ್ತ ಬಂದಂತೆ ಒಳಗಿನ ಗಾಳಿ ಹಿಂದಕ್ಕೆ ಒತ್ತುತ್ತದೆ, ಹರಿವು ಇಳಿಯುತ್ತ ಇಳಿಯುತ್ತ ಒಂದು ಹಂತದಲ್ಲಿ ನಿಂತೇಹೋಗುತ್ತದೆ. ಪಂಪಿನ ಸದ್ದು ಆಗ ಕೀಚಲಾಗುತ್ತದೆ, ಕಿವಿಗೇ ಗೊತ್ತಾಗುತ್ತದೆ. ಅಲ್ಲಿಗೆ ತೆಗೆಯಬೇಕು. ಗಾಳಿ ಹರಿಯದೆ ತಿರುಗುವ ಮೋಟಾರಿಗೆ ತಂಪು ಸಿಗುವುದಿಲ್ಲ, ಸುಡಲು ದಾರಿಯಾಗುತ್ತದೆ.

ಎರಡನೆಯ ಅಂಕಿಯೇ ನಿಜವಾಗಿ ನೋಡಬೇಕಾದದ್ದು. ಅರವತ್ತೈದು ಕಿಲೋದ ಮನುಷ್ಯ ಪ್ಯಾಡಿನ ಮೇಲೆ ಮಲಗಿದಾಗ ಸುಮಾರು 0.4 ಚದರ ಮೀಟರ್ ಜಾಗದ ಮೇಲೆ ಭಾರ ಬೀಳುತ್ತದೆ ಎಂದಿಟ್ಟುಕೊಂಡರೆ, ಅವನನ್ನು ಎತ್ತಿ ಹಿಡಿಯಲು ಬೇಕಾದ ಒತ್ತಡ 1.6 ಕಿಲೋಪ್ಯಾಸ್ಕಲ್ ಮಾತ್ರ. ಎದ್ದು ಕೂತಾಗ, ಮೊಣಕೈ ಊರಿದಾಗ ಇನ್ನೂ ಬೇಕು. ಒಳ್ಳೆಯ ಪುಟ್ಟ ಪಂಪುಗಳು ನಾಲ್ಕು ಕಿಲೋಪ್ಯಾಸ್ಕಲ್‌ವರೆಗೆ ಹೇಳಿಕೊಳ್ಳುತ್ತವೆ, ಅದು ಸಾಕು. ಎರಡಕ್ಕಿಂತ ಕಡಿಮೆ ಇರುವುದು ಹಾಸಿಗೆಯನ್ನು ಉಬ್ಬಿಸುತ್ತದೆಯೇ ಹೊರತು ಬಿಗಿ ಮಾಡುವುದಿಲ್ಲ, ಕೊನೆಯ ಎರಡು ಮೂರು ಉಸಿರು ನೀವೇ ಕೊಡಬೇಕು. ಒತ್ತಡದ ಅಂಕಿಯನ್ನೇ ಬರೆಯದ ಪಂಪನ್ನು ಕೊಳ್ಳದಿರುವುದು ಲೇಸು.

ಇಲ್ಲಿಯೇ ಒಂದು ದೊಡ್ಡ ಎಡವಟ್ಟಿನ ಎಚ್ಚರಿಕೆ ಹೇಳಬೇಕು. ಮನೆಯಲ್ಲಿ ಬೈಕು-ಕಾರಿನ ಟೈರಿಗೆ ಗಾಳಿ ಹಾಕುವ ಚಾರ್ಜಿಂಗ್ ಪಂಪು ಇದೆ, ಅದನ್ನೇ ಒಯ್ದರಾಯಿತಲ್ಲ ಎನ್ನುವವರು ಬಹಳ. ಕಾರಿನ ಟೈರಿಗೆ ಬೇಕಾದದ್ದು ಇನ್ನೂರು ಕಿಲೋಪ್ಯಾಸ್ಕಲ್‌ಗೂ ಮೇಲೆ, ಹಾಸಿಗೆಗೆ ಬೇಕಾದ್ದಕ್ಕಿಂತ ನೂರು ಪಟ್ಟು ಹೆಚ್ಚು. ಟೈರಿನ ಪಂಪು ಸ್ವಲ್ಪವೇ ಗಾಳಿಯನ್ನು ಜೋರಾಗಿ ಒತ್ತುತ್ತದೆ, ಹಾಸಿಗೆಗೆ ಬೇಕಿರುವುದು ಬಹಳ ಗಾಳಿ, ಮೆಲ್ಲನೆಯ ಒತ್ತಡ. ಆದ್ದರಿಂದ ಅದರಿಂದ ಹಾಸಿಗೆ ತುಂಬಲು ಹೊತ್ತು ಹಿಡಿಯುತ್ತದೆ, ತುಂಬಿದ ಮೇಲೆ ಒಂದು ಕ್ಷಣ ಮೈಮರೆತರೆ ಒಳಗಿನ ಗೋಡೆಗಳ ಅಂಟು ಬಿಟ್ಟು ಹಾಸಿಗೆಯ ನಡುವೆ ಕುಂಬಳಕಾಯಿ ಗಾತ್ರದ ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಸೈಕಲ್ ಪಂಪು ಹಾಸಿಗೆಯನ್ನು ಒಡೆಯುವುದಿಲ್ಲ, ಆದರೆ ಇನ್ನೂರು ಮುನ್ನೂರು ಸಲ ಒತ್ತುವ ತಾಳ್ಮೆ ಯಾರಿಗಿದೆ?

ಮೂರನೆಯದೊಂದು ಸಂಗತಿ ಡಬ್ಬಿಯ ಮೇಲೆ ಇರುವುದೇ ಇಲ್ಲ: ಮೂತಿ. ಪ್ಯಾಡಿನ ವಾಲ್ವು ಕಂಪನಿಗೊಂದು ಥರ. ಥರ್ಮ್-ಎ-ರೆಸ್ಟಿನ ವಿಂಗ್‌ಲಾಕ್, ಎಕ್ಸ್‌ಪೆಡ್‌ನ ಚಪ್ಪಟೆ ವಾಲ್ವು, ಗಾಳಿಮಂಚಗಳ ಬೋಸ್ಟನ್ ವಾಲ್ವು, ಡೆಕಾಥ್ಲಾನಿನದೇ ಒಂದು. ಪಂಪಿನ ಜೊತೆ ನಾಲ್ಕೈದು ರಬ್ಬರ್ ಮೂತಿಗಳು ಬರುತ್ತವೆ, ನಿಮ್ಮ ಪ್ಯಾಡಿಗೆ ಹೊಂದುವುದು ಅವುಗಳಲ್ಲಿ ಇಲ್ಲದಿದ್ದರೆ ಪಂಪು ಎಷ್ಟು ಹಗುರವಾಗಿದ್ದರೂ ವ್ಯರ್ಥ. ಅಂಗಡಿಗೆ ಹೋಗುವುದಾದರೆ ಪ್ಯಾಡನ್ನು ಕಂಕುಳಲ್ಲಿಟ್ಟುಕೊಂಡೇ ಹೋಗಿ. ಆನ್‌ಲೈನಿನಲ್ಲಾದರೆ ವಾಪಸು ಕೊಡಲು ಬರುತ್ತದೆಯೇ ಎಂದು ಮೊದಲು ನೋಡಿ. ಊರಲ್ಲಿದ್ದರೆ ಸೈಕಲ್ ಟ್ಯೂಬಿನ ತುಂಡು ಇಲ್ಲಿಯೂ ಕೈಹಿಡಿಯುತ್ತದೆ ಎನ್ನುವುದು ಸಮಾಧಾನ.

ಬ್ಯಾಟರಿಯ ವಿಷಯ. ಚಾರ್ಜ್ ಮಾಡುವ ಪಂಪು ಒಯ್ದರೆ ಮೊಬೈಲಿನ ಪವರ್ ಬ್ಯಾಂಕಿನಿಂದಲೇ ತುಂಬಿಸಬಹುದು. ಊರೂರು ದಾಟುವಾಗ ಕರೆಂಟಿಗೆ ತೊಂದರೆಯಿಲ್ಲ, ಮಠದಲ್ಲೋ ಶಾಲೆಯಲ್ಲೋ ಒಂದು ಪ್ಲಗ್ ಸಿಕ್ಕೇ ಸಿಗುತ್ತದೆ. ಆದರೆ ಒಂದು ಪ್ಲಗ್ಗಿಗೆ ಇಪ್ಪತ್ತು ಮೊಬೈಲು ಕಾಯುತ್ತಿರುತ್ತವೆ. ಝೀರೋ ಪಂಪಿಗೆ ಸಿಆರ್123ಎ ಎಂಬ ದಪ್ಪ ಗಿಡ್ಡ ಲಿಥಿಯಂ ಸೆಲ್ಲು ಬೇಕು, ಅದರ ತೂಕ ಇನ್ನೊಂದು ಹದಿನಾರು ಹದಿನೇಳು ಗ್ರಾಂ. ಒಂದು ಕಾಲದಲ್ಲಿ ಫಿಲ್ಮ್ ಕ್ಯಾಮೆರಾಗಳಿಗೆ ಹಾಕುತ್ತಿದ್ದ ಸೆಲ್ಲು ಅದು, ಫೋಟೊ ಸ್ಟುಡಿಯೋಗಳಲ್ಲಿ ಸಿಗುತ್ತಿತ್ತು. ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಕೇಳಿದಂತೆ ಅದನ್ನು ಕೇಳಲಾಗದು. ಮುಗಿದರೆ ಮುಗಿಯಿತು. ಸುಮಾರು ಮೂವತ್ತು ಗ್ರಾಂ ಉಳಿಸಲು ಹೋಗಿ ದಾರಿಯಲ್ಲಿ ಸಿಗದ ಸೆಲ್ಲಿಗೆ ಜೋತುಬೀಳುವುದು ನಮ್ಮ ಕಡೆಯವರಿಗೆ ಒಪ್ಪುವ ಲೆಕ್ಕವಲ್ಲ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಹಿಮಾಲಯದ ಕಡೆಗೆ ಹೊರಟವರು ಪಂಪು, ಪವರ್ ಬ್ಯಾಂಕು ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಪವರ್ ಬ್ಯಾಂಕನ್ನು, ಬಿಡಿ ಲಿಥಿಯಂ ಸೆಲ್ಲನ್ನು ಲಗೇಜಿಗೆ ಹಾಕಲು ಬಿಡುವುದಿಲ್ಲ. ಮೇಲೆ ಹೋದಂತೆ ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗುವುದು ರೂಢಿ. ಹಿಮಾಲಯದ ಎತ್ತರದಲ್ಲಿ ಊದುವುದೇ ಕಷ್ಟ, ಬ್ಯಾಟರಿ ಪಂಪಿಗೆ ನಿಜವಾದ ಬೆಲೆ ಸಿಗುವುದು ಅಲ್ಲಿ. ಆದರೂ ಚಾರಣ ಏರ್ಪಡಿಸುವ ಬೆಂಗಳೂರಿನ ಇಂಡಿಯಾಹೈಕ್ಸ್‌ನಂಥವರ ಜೊತೆ ಹೋಗುವವರಿಗೆ ಟೆಂಟು, ಸ್ಲೀಪಿಂಗ್ ಬ್ಯಾಗು, ಕೆಳಗಿನ ಚಾಪೆ ಎಲ್ಲವನ್ನೂ ಅವರೇ ಕೊಡುತ್ತಾರೆ. ಪಂಪಿನ ಪ್ರಶ್ನೆ ಹುಟ್ಟುವುದು ತಮ್ಮ ಹೊರೆ ತಾವೇ ಹೊತ್ತು ಹೋಗುವವರಿಗೆ ಮಾತ್ರ.

ನಮ್ಮ ರಾಜ್ಯದ ಪಶ್ಚಿಮಘಟ್ಟದ ಚಾರಣಗಳಲ್ಲಂತೂ ರಾತ್ರಿ ತಂಗುವ ಅವಕಾಶವೇ ಕಿರಿದಾಗಿದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಜನಸಾಗರ ಹರಿದುಬಂದ ಚಿತ್ರಗಳು ಎಲ್ಲೆಡೆ ಓಡಾಡಿದ ಮೇಲೆ ಸರ್ಕಾರ ಚಾರಣವನ್ನು ತಡೆಹಿಡಿದು, ಆಮೇಲೆ ಆನ್‌ಲೈನ್ ಬುಕಿಂಗಿನ ಕಟ್ಟುಪಾಡು ತಂದಿತು. ಹಗಲಲ್ಲೇ ಹತ್ತಿ ಹಗಲಲ್ಲೇ ಇಳಿಯುವವರಿಗೆ ಹಾಸಿಗೆ ಏಕೆ, ಪಂಪೇಕೆ? ಬಯಲುಸೀಮೆಯ ಪಾದಯಾತ್ರೆಯನ್ನು ಈ ಬರಹದ ನಡುವೆ ಇಟ್ಟದ್ದಕ್ಕೆ ಇದೂ ಒಂದು ಕಾರಣ. ಸಾವಿರಾರು ಜನ ಸಾಲುಸಾಲು ರಾತ್ರಿ ಬಯಲಲ್ಲಿ ಮಲಗುವ ನಡಿಗೆ ಅಲ್ಲಿ ಇನ್ನೂ ಉಳಿದಿದೆ.

ಅಲ್ಲಿಯ ಹವೆಯೂ ಪುಸ್ತಕದ ಹವೆಯಲ್ಲ. ಪ್ಯಾಡು ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಎನ್ನುವುದಕ್ಕೆ ಆರ್-ವ್ಯಾಲ್ಯೂ ಎಂಬ ಅಳತೆಯಿದೆ. ಕಂಪನಿಗಳು ಮನಸ್ಸಿಗೆ ಬಂದಂತೆ ಬರೆದುಕೊಳ್ಳುತ್ತಿದ್ದುದಕ್ಕೆ 2018ರಲ್ಲಿ ಬಂದ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಮೂಗುದಾರ ಹಾಕಿತು. ಹಿಮಕ್ಕೆ ಮಾಡಿದ ಥರ್ಮ್-ಎ-ರೆಸ್ಟ್ ಎಕ್ಸ್‌ಥರ್ಮ್‌ಗೆ ಏಳು ದಾಟಿದ ಅಂಕಿ, ಝೀ-ಲೈಟಿಗೆ ಎರಡು. ಮಾರ್ಚ್-ಏಪ್ರಿಲ್‌ನಲ್ಲಿ ರಾಯಚೂರು, ಕರ್ನೂಲಿನ ದಾರಿಯಲ್ಲಿ ನೆಲ ರಾತ್ರಿಯೂ ಬೆಚ್ಚಗಿರುವಾಗ ದೊಡ್ಡ ಅಂಕಿಯ ಪ್ಯಾಡಿಗೆ ಹಣ ಸುರಿದವರು ಬೆವರಲ್ಲಿ ಅಂಟಿಕೊಂಡು ಒದ್ದಾಡುತ್ತಾರೆ. ಒಂದೂವರೆ ಎರಡರ ಅಂಕಿ ಧಾರಾಳ, ಮೇಲೊಂದು ಹತ್ತಿಯ ಧೋತರ ಹಾಸಿದರೆ ಇನ್ನೂ ಸುಖ.

ಬಿಸಿಲಿನ ನಾಡಿನಲ್ಲಿ ಇನ್ನೊಂದು ಗೊಂದಲವೂ ಆಗುತ್ತದೆ. ಸಂಜೆ 35 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಬೆಳಗಿನ ಜಾವ 20 ಡಿಗ್ರಿಗೆ ಇಳಿದರೆ ನೂರಕ್ಕೆ ಐದು ಪಾಲು ಕುಗ್ಗುತ್ತದೆ. ಹಾಸಿಗೆ ಮೆತ್ತಗಾಗಿದೆ, ಎಲ್ಲೋ ತೂತಾಗಿದೆ ಎಂದು ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕುವುದು ಬೇಡ. ಮಲಗುವ ಮುನ್ನ ಒಂದು ಉಸಿರು ಹೆಚ್ಚು ಊದಿದರೆ ಸಾಕು. ಇದಕ್ಕೆ ತಿರುಗಮುರುಗ, ಬಿಗಿಯಾಗಿ ತುಂಬಿದ ಪ್ಯಾಡನ್ನು ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ಮಧ್ಯಾಹ್ನ ಮರದಡಿ ಅಡ್ಡಾಗುವವರು ಅರ್ಧ ಗಾಳಿಯಲ್ಲೇ ಅಡ್ಡಾಗಲಿ.

ಬ್ಯಾಟರಿ ಪಂಪಿನ ಮೇಲೆ ಇನ್ನೆರಡು ಸಣ್ಣ ದೂರುಗಳು. ಒಂದು ಧೂಳು. ಎರೆಮಣ್ಣಿನ ನೆಲದ ಮೇಲೆ ಇಟ್ಟು ಸ್ವಿಚ್ಚು ಒತ್ತಿದರೆ ಗಾಳಿಯ ಜೊತೆ ಮಣ್ಣನ್ನೂ ಎಳೆದುಕೊಳ್ಳುತ್ತದೆ, ಆ ಕಣ ವಾಲ್ವಿನ ಅಂಚಿಗೆ ಕೂತರೆ ಹಾಸಿಗೆ ರಾತ್ರಿಯಿಡೀ ನಿಧಾನವಾಗಿ ಸೋರುತ್ತದೆ. ಕೈಯಲ್ಲಿ ಎತ್ತಿ ಹಿಡಿದು ತುಂಬಬೇಕು. ಎರಡು, ಸದ್ದು. ಬಿಸಿಲು ತಪ್ಪಿಸಲು ನಡುರಾತ್ರಿ ಕಳೆದು ಮೂರಕ್ಕೇ ಏಳುವ ಪಾದಯಾತ್ರಿಗಳು ಎಂಟಕ್ಕೆಲ್ಲ ಮಲಗಿರುತ್ತಾರೆ. ತಡವಾಗಿ ಬಂದವರೊಬ್ಬರು ಮಠದ ಅಂಗಳದಲ್ಲಿ ಕೀಚಲು ಪಂಪು ಶುರು ಮಾಡಿದರೆ ಐವತ್ತು ಜನ ಎದ್ದು ಕೂರುತ್ತಾರೆ, ಆಶೀರ್ವಾದವನ್ನಂತೂ ಮಾಡುವುದಿಲ್ಲ. ನಲ್ಲಮಲೆಯಂತೂ ಹುಲಿ ಕಾಡು, ಅಲ್ಲಿ ಸದ್ದೇ ಬೇಡ. ಪಂಪಿಗೆ ದೀಪ ಅಂಟಿಸಿ ಎರಡು ಕೆಲಸ ಎಂದು ಮಾರುವುದೂ ಉಂಟು. ತಲೆಗೆ ಕಟ್ಟುವ ಟಾರ್ಚು ಎಲ್ಲರ ಹತ್ತಿರ ಇದ್ದೇ ಇರುವಾಗ ಆ ದೀಪಕ್ಕೆ ದುಡ್ಡು ಕೊಡಬೇಕಿಲ್ಲ. ಹಾಸಿಗೆಯ ಗಾಳಿಯನ್ನು ಹೊರಗೆ ಎಳೆಯುವ ಸೌಲಭ್ಯವೂ ಹಾಗೆಯೇ. ವಾಲ್ವು ಬಿಚ್ಚಿ ಮೊಣಕಾಲೂರಿ ಸುತ್ತಿದರೆ ಅದೇ ಕೆಲಸ ಆಗುತ್ತದೆ.

ರಾಜೂರ ಕಡೆಯಿಂದ ಹೊರಡುವವರಿಗೆ ನನ್ನ ತೀರ್ಮಾನ ಹೀಗಿದೆ. ಗಾಡಿ ಜೊತೆಗಿದ್ದರೆ ಕೌದಿಯೇ ಸರಿ, ಹೊಸದೇನೂ ಬೇಡ. ಬೆನ್ನಿಗೆ ಹೊರುವುದಾದರೆ, ಮೂಳೆ ಇನ್ನೂ ಗಟ್ಟಿಯಿರುವವರಿಗೆ ಫೋಮಿನ ಚಾಪೆ. ಸೊಂಟ ಭುಜ ನೋಯುವವರಿಗೆ ಗಾಳಿ ಪ್ಯಾಡು, ಜೊತೆಗೆ ಪಂಪು ಚೀಲ. ದಮ್ಮು, ಹೃದಯದ ತೊಂದರೆ ಇರುವವರು, ಚೀಲ ಒತ್ತಲು ಕೈ ಬಾರದ ಹಿರಿಯರು ಗುಂಪಿನಲ್ಲಿದ್ದರೆ ನಾಲ್ವರಿಗೆ ಒಂದರಂತೆ ಚಾರ್ಜ್ ಮಾಡುವ ಪುಟ್ಟ ಪಂಪು ಕೊಳ್ಳಿ, ಒತ್ತಡದ ಅಂಕಿ ನೋಡಿ ಕೊಳ್ಳಿ, ಅದು ಕೆಟ್ಟರೆ ಇರಲೆಂದು ಚೀಲವನ್ನೂ ಒಯ್ಯಿರಿ. ಹೊರಡುವ ಒಂದು ವಾರ ಮುಂಚೆ ಮನೆಯ ಕಟ್ಟೆಯ ಮೇಲೆ ಒಂದು ರಾತ್ರಿ ಅದರ ಮೇಲೆ ಮಲಗಿ ನೋಡಿ. ಖಾಲಿಯಾದ ಸೆಲ್ಲು, ಹರಿದ ಪಾಲಿಥೀನು, ತೂತಾದ ಪ್ಯಾಡು ಯಾವುದನ್ನೂ ಭೀಮನಕೊಳ್ಳದ ಆಜುಬಾಜು ಎಸೆಯದೆ ವಾಪಸು ಊರಿಗೆ ಹೊತ್ತು ತನ್ನಿ.